ಒಂದೇ ಬೆಂಗಳೂರು, ಮೂರು ಜನಸಂಖ್ಯೆ

2010ರ ಬೇಸಿಗೆ. ನಮ್ಮ ಅತ್ತಿಗೆ ಪ್ರೈಮರಿ ಶಾಲೆ ಟೀಚರ್. ರಜೆಗೆ ತವರಿಗೆ ಹೋಗೋಣ ಅಂತ ಬ್ಯಾಗ್ ಕಟ್ಟುತ್ತಿದ್ದವರಿಗೆ ಜನಗಣತಿಯ ಮನೆಪಟ್ಟಿ ಕೆಲಸ ಬಂತು. ಕೈಗೆ ಒಂದು ಬ್ಲಾಕ್ ಕೊಟ್ಟರು. ಅದರ ಚೆಕ್ಕುಬಂದಿ ಹೀಗಿತ್ತು: ಪೂರ್ವಕ್ಕೆ ಹಾಲಿನ ಡೈರಿ, ಪಶ್ಚಿಮಕ್ಕೆ ಶಾಲೆ ಕಾಂಪೌಂಡು, ದಕ್ಷಿಣಕ್ಕೆ ಚರಂಡಿ, ಉತ್ತರಕ್ಕೆ ಹುಣಸೆಮರ. ಹೋಗಿ ನೋಡಿದರೆ ಹುಣಸೆಮರವೇ ಇಲ್ಲ. ಕಡಿದು ಎರಡು ವರ್ಷ ಆಗಿತ್ತಂತೆ. ಎಲ್ಲಿತ್ತು ಅಂತ ಕೇಳಿದರೆ ಊರವರು ಒಬ್ಬೊಬ್ಬರು ಒಂದೊಂದು ಜಾಗ ತೋರಿಸಿದರು. ನಡುವೆ ನಾಲ್ಕು ಮನೆ ಸಿಕ್ಕಿಹಾಕಿಕೊಂಡವು. ಆ ನಾಲ್ಕು ಮನೆ ಅತ್ತಿಗೆಯ ಬ್ಲಾಕಿಗೋ, ಪಕ್ಕದ ಬ್ಲಾಕಿನ ಮೇಷ್ಟ್ರಿಗೋ? ಒಂದು ಮಧ್ಯಾಹ್ನ ಪೂರ್ತಿ ಅದೇ ಚರ್ಚೆ.

ಆವತ್ತು ಇದನ್ನು ಕೇಳಿ ನಕ್ಕಿದ್ದೆ. ಆಮೇಲೆ ಅಂಕಿಅಂಶಗಳ ಜೊತೆ ಕೆಲಸ ಮಾಡುತ್ತಾ ಹೋದ ಹಾಗೆ ಗೊತ್ತಾಯ್ತು, ದೇಶ ಪೂರ್ತಿ ನಡೆಯೋದೇ ಈ ಹುಣಸೆಮರದ ಜಗಳ. ಬ್ಲಾಕುಗಳನ್ನು ಕೂಡಿದರೆ ಗ್ರಾಮ ಅಥವಾ ವಾರ್ಡು. ಗ್ರಾಮಗಳು ಕೂಡಿ ತಾಲೂಕು, ತಾಲೂಕುಗಳು ಕೂಡಿ ಜಿಲ್ಲೆ. ‘ಈ ಜಿಲ್ಲೆ ಹಿಂದುಳಿದಿದೆ’, ‘ರಾಜ್ಯದ ಶೇ 38.67ರಷ್ಟು ಜನ ಪಟ್ಟಣದಲ್ಲಿದ್ದಾರೆ’ ಅಂತ ನಾವು ಓದುವ ಪ್ರತಿ ಸಾಲಿನ ಹಿಂದೆಯೂ ಒಂದು ಗೆರೆ ಇದೆ. ಸಂಖ್ಯೆ ಹುಟ್ಟುವ ಮೊದಲೇ ಆ ಗೆರೆ ಎಳೆದಾಗಿರುತ್ತದೆ. ನಾವು ಸಂಖ್ಯೆಗಾಗಿ ಜಗಳವಾಡುತ್ತೇವೆ, ಗೆರೆಯ ಸುದ್ದಿಗೆ ಹೋಗುವುದಿಲ್ಲ.

ಈಗ ಈ ಮಾತು ಯಾಕೆ ಅಂದರೆ, 16 ವರ್ಷಗಳ ನಂತರ ದೇಶದಲ್ಲಿ ಮತ್ತೆ ಜನಗಣತಿ ಬಂದಿದೆ. 2021ರಲ್ಲಿ ಆಗಬೇಕಿದ್ದದ್ದು ಕೊರೊನಾದಿಂದ ನಿಂತು, ಮುಂದೆ ಹೋಗಿ ಹೋಗಿ, 2027ಕ್ಕೆ ಬಂದು ನಿಂತಿದೆ. ಲೆಕ್ಕಕ್ಕೆ ಹಿಡಿಯುವ ದಿನ 2027ರ ಮಾರ್ಚ್ 1. ಹಿಮ ಬೀಳುವ ಪ್ರದೇಶಗಳಿಗೆ ಮಾತ್ರ 2026ರ ಅಕ್ಟೋಬರ್ 1. ಆದರೆ ಗಣತಿಯ ಮೊದಲ ಹೆಜ್ಜೆ ಮನೆ ಎಣಿಸುವುದಲ್ಲ, ಗೆರೆಗಳನ್ನು ಅಲ್ಲಾಡದಂತೆ ಕಟ್ಟಿಹಾಕುವುದು. 2025ರ ಡಿಸೆಂಬರ್ 31ರ ನಂತರ ಯಾವ ರಾಜ್ಯವೂ ಜಿಲ್ಲೆ, ತಾಲೂಕು, ಗ್ರಾಮ, ಪಟ್ಟಣದ ಎಲ್ಲೆ ಬದಲಿಸುವಂತಿಲ್ಲ ಅಂತ ಕೇಂದ್ರ ಗಡುವು ಹಾಕಿತು. ಹಿಂದೆ ಇದೇ ಗಡುವನ್ನು 2019ರ ಕೊನೆಯಿಂದ ಶುರುಮಾಡಿ ಎಷ್ಟೋ ಸಲ ಮುಂದೂಡಿದ್ದರು. ಗಡುವು ಮುಂದೆ ಹೋದಾಗಲೆಲ್ಲ ಯಾವುದೋ ರಾಜ್ಯದಲ್ಲಿ ಹೊಸ ಜಿಲ್ಲೆಗಳು ಹುಟ್ಟಿಕೊಂಡವು.

ನಮ್ಮಲ್ಲಿ ಬೆಳಗಾವಿಯನ್ನು ಒಡೆಯಬೇಕು ಎಂಬ ಕೂಗು 2025ರ ಕೊನೆಯಲ್ಲಿ ಮತ್ತೆ ಜೋರಾಯಿತಲ್ಲ, ಅದರ ಹಿಂದೆಯೂ ಈ ತಾರೀಖಿನ ಬಿಸಿ ಇತ್ತು. ಚಿಕ್ಕೋಡಿ, ಗೋಕಾಕ ಬೇರೆ ಜಿಲ್ಲೆ ಆಗಬೇಕು ಎಂಬುದು ಹಳೆಯ ಬೇಡಿಕೆ. 1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ಆದೇಶವನ್ನೂ ಮಾಡಿತ್ತು, ಆಮೇಲೆ ಗಡಿ ವಿವಾದದ ಕಾರಣಕ್ಕೆ ವಾಪಸ್ ತೆಗೆದುಕೊಂಡಿತು. ಗೆರೆ ಎಳೆಯೋದು ಸರ್ವೆ ಇಲಾಖೆ ಅಂದುಕೊಂಡಿದ್ದರೆ ಬೆಳಗಾವಿಯವರನ್ನು ಕೇಳಿ ನೋಡಿ.

ಬೆಂಗಳೂರು ಎಂದರೆ ಎಷ್ಟು?

2011ರಲ್ಲಿ ಬೆಂಗಳೂರಿನ ಜನಸಂಖ್ಯೆ ಎಷ್ಟು? ಕ್ವಿಜ್‌ನಲ್ಲಿ ಕೇಳಿದರೆ ಮೂರು ಜನ ಮೂರು ಉತ್ತರ ಹೇಳಬಹುದು, ಮೂವರಿಗೂ ಅಂಕ ಕೊಡಬೇಕಾಗುತ್ತದೆ. ಮಹಾನಗರ ಪಾಲಿಕೆಯ ಎಲ್ಲೆಯೊಳಗೆ 84.43 ಲಕ್ಷ. ಪಾಲಿಕೆಗೆ ಅಂಟಿಕೊಂಡು ಬೆಳೆದ ಜಾಗಗಳನ್ನೂ ಸೇರಿಸಿ ಜನಗಣತಿಯವರು ‘ನಗರ ಸಮೂಹ’ ಅಂತ ಒಂದು ಲೆಕ್ಕ ಕೊಡುತ್ತಾರೆ, ಅದರ ಪ್ರಕಾರ ಸುಮಾರು 85 ಲಕ್ಷ. ಬೆಂಗಳೂರು ಜಿಲ್ಲೆ ಅಂದರೆ 96.21 ಲಕ್ಷ. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವಿನ ವ್ಯತ್ಯಾಸವೇ ಸುಮಾರು 12 ಲಕ್ಷ. ಹುಬ್ಬಳ್ಳಿ-ಧಾರವಾಡ ಎರಡೂ ಸೇರಿ ಆಗ ಇದ್ದದ್ದು 9.4 ಲಕ್ಷ. ಅಂದರೆ ಬೆಂಗಳೂರಿನ ಗೆರೆಗಳ ಸಂದಿಯಲ್ಲಿ ಒಂದು ಹುಬ್ಬಳ್ಳಿ-ಧಾರವಾಡವೇ ಮಾಯವಾಗಬಹುದು.

ಬೆಳವಣಿಗೆಯ ಲೆಕ್ಕ ಇನ್ನೂ ತಮಾಷೆ. 2001ರಲ್ಲಿ ಪಾಲಿಕೆಯ ಜನಸಂಖ್ಯೆ 43 ಲಕ್ಷ, 2011ರಲ್ಲಿ 84.43 ಲಕ್ಷ. ಹತ್ತೇ ವರ್ಷದಲ್ಲಿ ಶೇ 96ರಷ್ಟು ಏರಿಕೆ! ಇದನ್ನು ಹಿಡಿದುಕೊಂಡು ‘ಬೆಂಗಳೂರು ಎರಡು ಪಟ್ಟಾಯಿತು’ ಅಂತ ಬರೆದವರು ಕಡಿಮೆಯೇನಿಲ್ಲ. ನಡುವೆ ಆದದ್ದು ಇಷ್ಟೆ. 2007ರಲ್ಲಿ ಹಳೆಯ ಪಾಲಿಕೆಗೆ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಮಾಡಿದರು. ಸುಮಾರು 226 ಚದರ ಕಿಲೋಮೀಟರ್ ಇದ್ದ ಊರು ಒಂದೇ ಆದೇಶದಲ್ಲಿ 700 ದಾಟಿತು. ಯಲಹಂಕದವರು, ಕೆಂಗೇರಿಯವರು, ಬೊಮ್ಮನಹಳ್ಳಿಯವರು ಮನೆ ಬಿಟ್ಟು ಕದಲಲಿಲ್ಲ. ಬೆಂಗಳೂರೇ ಅವರ ಮನೆಗೆ ಬಂತು.

ಹಾಗಾದರೆ ನಿಜವಾಗಿ ಎಷ್ಟು ಬೆಳೆಯಿತು? ಅದಕ್ಕೆ ಎರಡೂ ಗಣತಿಯಲ್ಲಿ ಅಲ್ಲಾಡದೆ ನಿಂತ ಗೆರೆ ಹುಡುಕಬೇಕು. ಬೆಂಗಳೂರು ನಗರ ಜಿಲ್ಲೆಯ ಗೆರೆ ಹಾಗೇ ಇತ್ತು. ಅಲ್ಲಿ 65.37 ಲಕ್ಷ ಇದ್ದದ್ದು 96.21 ಲಕ್ಷ ಆಯಿತು, ಶೇ 47ರಷ್ಟು ಏರಿಕೆ. ಅದೂ ಭಾರಿಯೇ. ಆದರೆ 96 ಎಲ್ಲಿ, 47 ಎಲ್ಲಿ?

2027ರಲ್ಲಿ ಈ ಆಟ ಉಲ್ಟಾ ಆಗಲಿದೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು ಬಂದವು. ‘ನಗರ’ ಅಂದರೆ ಪಾಲಿಕೆ ಅಂತ ಹಿಡಿದು ದೇಶದ ದೊಡ್ಡ ನಗರಗಳ ಪಟ್ಟಿ ಮಾಡುವವರಿಗೆ ಬೆಂಗಳೂರು ಐದು ತುಂಡಾಗಿ ಸಿಗುತ್ತದೆ. ಒಂದೊಂದು ತುಂಡೂ ಪಟ್ಟಿಯಲ್ಲಿ ಕೆಳಗೆ. ದೆಹಲಿ ಪಾಲಿಕೆಯನ್ನು 2012ರಲ್ಲಿ ಮೂರು ಮಾಡಿ, 2022ರಲ್ಲಿ ಮತ್ತೆ ಒಂದು ಮಾಡಿದರು. ಅಲ್ಲಿನವರಿಗೆ ಅದೃಷ್ಟ, ನಡುವೆ ಗಣತಿ ನಡೆಯಲೇ ಇಲ್ಲ. ನಮಗೆ ಅಂಥ ಅದೃಷ್ಟ ಇಲ್ಲ. ‘ನಗರ ಸಮೂಹ’ದ ಲೆಕ್ಕ ಇದ್ದರೆ ತುಂಡುಗಳು ಮತ್ತೆ ಒಂದಾಗುತ್ತವೆ ಅನ್ನುವುದಷ್ಟೇ ಸಮಾಧಾನ. ಆದರೆ ವಾಟ್ಸಾಪ್‌ನಲ್ಲಿ ಓಡಾಡುವ ಪಟ್ಟಿಗಳು ಇದನ್ನೆಲ್ಲ ಎಲ್ಲಿ ನೋಡುತ್ತವೆ?

ಹಳ್ಳಿಯೋ ಪಟ್ಟಣವೋ

ಎಲ್ಲಕ್ಕಿಂತ ಜಾಸ್ತಿ ದುಡ್ಡು ಓಡಾಡುವ ಗೆರೆ ಹಳ್ಳಿ ಮತ್ತು ಪಟ್ಟಣದ ನಡುವಿನದು. ಪಾಲಿಕೆ, ನಗರಸಭೆ, ಪುರಸಭೆ, ಪಟ್ಟಣ ಪಂಚಾಯ್ತಿ ಅಂತ ಸರ್ಕಾರ ಹೆಸರಿಟ್ಟರೆ ಅದು ಪಟ್ಟಣ, ಅದರಲ್ಲಿ ತಕರಾರಿಲ್ಲ. ಅದಲ್ಲದೆ ಜನಗಣತಿಯವರಿಗೆ ತಮ್ಮದೇ ಒಂದು ಅಳತೆಪಟ್ಟಿ ಇದೆ. ಊರಿನ ಜನ 5,000ಕ್ಕಿಂತ ಕಡಿಮೆ ಇರಬಾರದು. ಚದರ ಕಿಲೋಮೀಟರಿಗೆ 400 ಜನರಾದರೂ ಇರಬೇಕು. ಮುಖ್ಯ ದುಡಿಮೆಗಾರರಾದ ಗಂಡಸರಲ್ಲಿ ಶೇ 75ರಷ್ಟು ಜನ ಬೇಸಾಯ ಬಿಟ್ಟು ಬೇರೆ ಕೆಲಸದಲ್ಲಿರಬೇಕು. ಮೂರೂ ಕೂಡಿಬಂದರೆ ಅದು ‘ಸೆನ್ಸಸ್ ಟೌನ್’. ಹಲಗೆಯ ಮೇಲೆ ಗ್ರಾಮ ಪಂಚಾಯ್ತಿ ಅಂತಲೇ ಇರುತ್ತದೆ, ಪುಸ್ತಕದಲ್ಲಿ ಮಾತ್ರ ಪಟ್ಟಣ.

ಇಂಥ ಊರುಗಳು 2001ರಲ್ಲಿ ದೇಶದಲ್ಲಿ 1,362 ಇದ್ದವು. 2011ಕ್ಕೆ 3,894 ಆದವು. ಭಾರತ ಪಟ್ಟಣವಾಗುತ್ತಿದೆ ಅಂತ ಆ ದಶಕದಲ್ಲಿ ಕೇಳಿಬಂದ ಮಾತಿನ ದೊಡ್ಡ ಪಾಲು ಇಲ್ಲಿಂದ ಬಂದದ್ದು. ಕೇರಳವನ್ನೇ ನೋಡಿ. 2001ರಲ್ಲಿ ಪಟ್ಟಣವಾಸಿಗಳು ಶೇ 26, 2011ರಲ್ಲಿ ಶೇ 47.7. ಹತ್ತು ವರ್ಷದಲ್ಲಿ ಕೇರಳದ ಐದನೇ ಒಂದು ಭಾಗದಷ್ಟು ಜನ ಗಂಟುಮೂಟೆ ಕಟ್ಟಿ ಪೇಟೆಗೆ ಹೋದರೇ? ಇಲ್ಲ. ಅಲ್ಲಿನ 520 ಪಟ್ಟಣಗಳಲ್ಲಿ 461 ಸೆನ್ಸಸ್ ಟೌನುಗಳು. ಕೇರಳದ ಒಂದು ಗ್ರಾಮ ಅಂದರೆ ನಮ್ಮ ಬಯಲುಸೀಮೆಯ ಗ್ರಾಮದ ಹಾಗಲ್ಲ. ಜಾಗ ದೊಡ್ಡದು, ತೋಟದ ನಡುವೆ ಮನೆ, ಮನೆ ಪಕ್ಕ ಮತ್ತೆ ಮನೆ. 5,000 ಜನ, 400 ದಟ್ಟಣೆ ಅನ್ನೋದು ಅಲ್ಲಿ ಲೆಕ್ಕಕ್ಕೇ ಇಲ್ಲ. ಉಳಿದದ್ದು ಬೇಸಾಯದ ಷರತ್ತು ಒಂದೇ. ಗಂಡಸರು ಗದ್ದೆ ಬಿಟ್ಟು ಅಂಗಡಿ, ಡ್ರೈವಿಂಗ್, ಗಾರೆ ಕೆಲಸಕ್ಕೆ ಹೋದ ಕೂಡಲೇ ಊರು ನಿಂತಲ್ಲೇ ಪಟ್ಟಣವಾಯಿತು.

ನಮ್ಮ ಕರಾವಳಿಯಲ್ಲೂ ಇದೇ ಕಥೆ. ಮಂಗಳೂರಿನ ವಿಮಾನ ನಿಲ್ದಾಣವನ್ನು ಹಳಬರು ಈಗಲೂ ಬಜ್ಪೆ ಏರ್‌ಪೋರ್ಟ್ ಅನ್ನುತ್ತಾರೆ. ದುಬೈಗೆ ವಿಮಾನ ಹತ್ತಿಸುವ ಊರು 2011ರ ಗಣತಿಯಲ್ಲಿ ಸೆನ್ಸಸ್ ಟೌನ್, ಆಡಳಿತ ಗ್ರಾಮ ಪಂಚಾಯ್ತಿಯದು. ಪಟ್ಟಣ ಪಂಚಾಯ್ತಿ ಆಗಲು ಅದಕ್ಕೆ ಇನ್ನೂ ಎಷ್ಟೋ ವರ್ಷ ಹಿಡಿಯಿತು. ಆಗ ಕರ್ನಾಟಕದಲ್ಲಿ ಇದ್ದ 347 ಪಟ್ಟಣಗಳಲ್ಲಿ 127 ಹೀಗೆ ಪುಸ್ತಕದ ಪಟ್ಟಣಗಳು.

ಇದರಿಂದ ಏನಾಗುತ್ತದೆ? ನಳದ ನೀರಿಗೆ ಹಳ್ಳಿಗೊಂದು ಯೋಜನೆ, ಪಟ್ಟಣಕ್ಕೊಂದು ಯೋಜನೆ. ಉದ್ಯೋಗ ಖಾತ್ರಿ ಹಳ್ಳಿಗೆ ಮಾತ್ರ. ಒಳಚರಂಡಿ, ಲೇಔಟ್ ಪ್ಲಾನು, ಕಸದ ಗಾಡಿ ಪಟ್ಟಣದ ಸಂಗತಿ. ಸೆನ್ಸಸ್ ಟೌನಿನವರು ಅಂಕಿಯಲ್ಲಿ ಪಟ್ಟಣದವರು, ಅನುದಾನದಲ್ಲಿ ಹಳ್ಳಿಯವರು. ನಾಲ್ಕು ಮಹಡಿ ಬಿಲ್ಡಿಂಗುಗಳ ಕೊಳಚೆ ನೀರು ಪಂಚಾಯ್ತಿಯ ಮೋರಿಯಲ್ಲಿ ಹರಿಯುವ ಊರುಗಳನ್ನು ನೀವೂ ನೋಡಿರುತ್ತೀರಿ. ಹಾಗಂತ ಎಲ್ಲರೂ ಪಟ್ಟಣ ಪಂಚಾಯ್ತಿ ಬೇಕು ಅನ್ನುತ್ತಾರೆ ಎಂದುಕೊಳ್ಳಬೇಡಿ. ಕಂದಾಯ ಏರುತ್ತದೆ, ಉದ್ಯೋಗ ಖಾತ್ರಿ ಹೋಗುತ್ತದೆ, ‘ನಮಗೆ ಹಳ್ಳಿಯೇ ಸಾಕು ಸ್ವಾಮಿ’ ಅನ್ನುವ ಊರುಗಳೂ ಉಂಟು. ಅದು ಅವರ ಜಾಣತನ, ತಪ್ಪೇನಿಲ್ಲ.

ನನಗೆ ಮೊದಲಿಂದ ಜೀರ್ಣವಾಗದ್ದು ಆ ‘ಗಂಡಸರು’ ಅನ್ನುವ ಪದ. ಈ ಅಳತೆ ಹೆಚ್ಚುಕಡಿಮೆ 1961ರಿಂದ ಇದೆ. ದುಡಿಮೆಯ ಲೆಕ್ಕವನ್ನು ಗಂಡಸರಿಗೆ ಮಾತ್ರ ಕಟ್ಟಿಹಾಕಿದ್ದು 1981ರಲ್ಲಿ. ಬಂಟ್ವಾಳ, ಪುತ್ತೂರಿನ ಕಡೆ ಮನೆ ಜಗಲಿಯಲ್ಲಿ ಕೂತು ಬೀಡಿ ಕಟ್ಟಿ ಸಂಸಾರ ನಡೆಸಿದ ಹೆಂಗಸರು ಎಷ್ಟು ಜನ! ಊರು ಬೇಸಾಯ ಬಿಟ್ಟಿದೆಯೋ ಇಲ್ಲವೋ ಅಂತ ತೀರ್ಮಾನ ಮಾಡುವಾಗ ಅವರ ದುಡಿಮೆ ತಕ್ಕಡಿಗೇ ಬರುವುದಿಲ್ಲ. ಗಾರ್ಮೆಂಟ್ಸ್ ಬಸ್ಸು ಹತ್ತಿ ದಿನಾ ಹೋಗಿಬರುವ ರಾಮನಗರ, ಮಂಡ್ಯ ಕಡೆಯ ಹೆಣ್ಣುಮಕ್ಕಳದ್ದೂ ಅಷ್ಟೇ. ಗಂಡ ಹೊಲದಲ್ಲಿದ್ದರೆ ಊರು ಹಳ್ಳಿ, ಮುಗೀತು. 2027ಕ್ಕೂ ಇದೇ ಅಳತೆ ಮುಂದುವರಿಯುತ್ತದೆ ಅಂತ ಜನಗಣತಿ ನಡೆಸುವ ರಿಜಿಸ್ಟ್ರಾರ್ ಜನರಲ್ ಕಚೇರಿ ಹೇಳಿದೆ. ಹಳೆಯದರ ಜೊತೆ ಹೋಲಿಸಿ ನೋಡಲು ಅನುಕೂಲ ಅನ್ನುವ ವಾದ ಇದೆ, ಅದನ್ನು ತಳ್ಳಿಹಾಕುವಂತೆಯೂ ಇಲ್ಲ. ಗೆರೆ ಅಲ್ಲಾಡಿದರೆ ಏನಾಗುತ್ತದೆ ಅಂತ ಬೆಂಗಳೂರಿನಲ್ಲಿ ನೋಡಿದೆವಲ್ಲ.

ರಾಜ್ಯದ ಕಾನೂನು ಬೇರೆಯೇ ಅಳತೆ ಹಿಡಿದಿದೆ. ಕರ್ನಾಟಕದಲ್ಲಿ ಪಟ್ಟಣ ಪಂಚಾಯ್ತಿ ಆಗಲು 10,000 ಜನ ಬೇಕು, ದಟ್ಟಣೆ ಅದೇ 400, ಬೇಸಾಯೇತರ ಕೆಲಸದವರು ಅರ್ಧದಷ್ಟಿದ್ದರೆ ಸಾಕು. ವಿಶ್ವಸಂಸ್ಥೆಯ ಅಂಕಿಅಂಶ ಆಯೋಗ 2020ರಲ್ಲಿ ಒಪ್ಪಿದ ಪದ್ಧತಿಯಂತೂ ಊರಿನ ಎಲ್ಲೆಯನ್ನು ನೋಡುವುದೇ ಇಲ್ಲ. ಭೂಪಟದ ಮೇಲೆ ಒಂದೊಂದು ಚದರ ಕಿಲೋಮೀಟರಿನ ಚೌಕ ಹಾಕಿ, ಚೌಕದಲ್ಲಿ ಎಷ್ಟು ಜನ, ಪಕ್ಕದ ಚೌಕದಲ್ಲಿ ಎಷ್ಟು ಜನ ಅಂತ ನೋಡುತ್ತದೆ. ಆ ಕನ್ನಡಕ ಹಾಕಿಕೊಂಡರೆ ಭಾರತ ನಮ್ಮ ಗಣತಿ ಹೇಳುವುದಕ್ಕಿಂತ ಎಷ್ಟೋ ಜಾಸ್ತಿ ಪಟ್ಟಣವಾಗಿ ಕಾಣುತ್ತದೆ.

ದೀಪ ಇಲ್ಲದ ಊರು

ಇನ್ನು ಗ್ರಾಮ. ಇದಂತೂ ಎಲ್ಲರಿಗೂ ಗೊತ್ತಿರುವುದು ಅನ್ನಿಸುತ್ತದೆ, ಅಲ್ವಾ? ಜನಗಣತಿಗೆ ಗ್ರಾಮ ಅಂದರೆ ಕಂದಾಯ ಗ್ರಾಮ. ಸರ್ವೆ ನಂಬರುಗಳಿರುವ, ನಕ್ಷೆ ಇರುವ, ಭೂಕಂದಾಯ ವಸೂಲಿಗೆ ಅಂತ ಒಂದು ಕಾಲದಲ್ಲಿ ಗುರುತು ಹಾಕಿದ ಜಾಗ. ಜನ ಇರಲೇಬೇಕು ಅಂತೇನೂ ಇಲ್ಲ. 2011ರಲ್ಲಿ ಕರ್ನಾಟಕದ 29,340 ಗ್ರಾಮಗಳಲ್ಲಿ ಜನ ಇದ್ದದ್ದು 27,397ರಲ್ಲಿ. ಉಳಿದವು ಬೇಚಿರಾಕ್ ಗ್ರಾಮಗಳು. ಪಾರಸಿಯಿಂದ ಬಂದ ಮಾತು. ಚಿರಾಗ್ ಅಂದರೆ ದೀಪ, ಬೇಚಿರಾಕ್ ಅಂದರೆ ದೀಪ ಹಚ್ಚುವವರಿಲ್ಲದ ಊರು. ಕಂದಾಯ ಇಲಾಖೆಯ ಒಣ ಕಡತದಲ್ಲಿ ಇಷ್ಟು ಚೆಂದದ ಪದ ಇನ್ನೊಂದಿಲ್ಲ.

ಬೇಚಿರಾಕ್‌ನಲ್ಲಿ ಜನ ಇಲ್ಲ, ಹೆಸರಿದೆ. ಇದಕ್ಕೆ ಉಲ್ಟಾ, ಜನ ಇದ್ದೂ ಪಟ್ಟಿಯಲ್ಲಿ ಹೆಸರಿಲ್ಲದ ಊರುಗಳು ಸಾವಿರಾರು. ಲಂಬಾಣಿ ತಾಂಡಾ, ಗೊಲ್ಲರಹಟ್ಟಿ, ಕಾಡಂಚಿನ ಹಾಡಿ, ಮಜರೆ ಗ್ರಾಮ. ತಲೆಮಾರುಗಳಿಂದ ಜನ ಇದ್ದಾರೆ, ಶಾಲೆ ಇದೆ, ಗುಡಿ ಇದೆ. ಆದರೆ ಗಣತಿಯ ಪಟ್ಟಿಯಲ್ಲಿ ಎರಡು ಮೂರು ಕಿಲೋಮೀಟರ್ ಆಚೆಯ ಮೂಲ ಗ್ರಾಮದ ಲೆಕ್ಕದಲ್ಲಿ ಕರಗಿಹೋಗಿರುತ್ತಾರೆ. ಮೂಲ ಗ್ರಾಮದಲ್ಲಿ 300 ಮನೆ, ತಾಂಡಾದಲ್ಲಿ 80 ಮನೆ ಅಂತ ಇಟ್ಟುಕೊಳ್ಳಿ. ಗ್ರಾಮದ ಎಲ್ಲ ಮನೆಗೂ ನಳ ಬಂದು, ತಾಂಡಾಕ್ಕೆ ಒಂದೂ ಬರದಿದ್ದರೂ ‘ಶೇ 79ರಷ್ಟು ಮನೆಗೆ ನೀರು’ ಅಂತ ಪಟ್ಟಿ ಹೇಳುತ್ತದೆ. ಓದಿದವರಿಗೆ ಖುಷಿ. ತಾಂಡಾದವರ ಸೊನ್ನೆ ಕಾಣುವುದೇ ಇಲ್ಲ.

ಈ ಊರುಗಳನ್ನು ಕಂದಾಯ ಗ್ರಾಮ ಮಾಡುವ ಕೆಲಸ ಕರ್ನಾಟಕದಲ್ಲಿ ಕೆಲವು ವರ್ಷಗಳಿಂದ ನಡೆಯುತ್ತಿದೆ. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಡುವ ದೊಡ್ಡ ಕಾರ್ಯಕ್ರಮ ಆಯಿತು. ಸುದ್ದಿಯಲ್ಲಿ ಬಂದದ್ದು ಹಕ್ಕುಪತ್ರದ ವಿಷಯ. ಅಷ್ಟು ಸುದ್ದಿಯಾಗದ ಇನ್ನೊಂದು ಫಲ, ತಾಂಡಾಕ್ಕೆ ಗಣತಿಯಲ್ಲಿ ತನ್ನದೇ ಒಂದು ಸಾಲು ಸಿಗುವುದು. ಅಲ್ಲಿ ಎಷ್ಟು ಜನ ಓದಿದ್ದಾರೆ, ಎಷ್ಟು ಮನೆಗೆ ಶೌಚಾಲಯ ಇದೆ ಅಂತ ಬೇರೆಯಾಗಿ ಗೊತ್ತಾಗುವುದು.

ಬೆಳಗಾವಿಯೂ ಜಿಲ್ಲೆ, ಕೊಡಗೂ ಜಿಲ್ಲೆ

ಜಿಲ್ಲೆಗಳನ್ನು ಸಾಲಾಗಿ ನಿಲ್ಲಿಸಿ ಒಂದು, ಎರಡು, ಮೂರು ಅಂತ ರ‍್ಯಾಂಕ್ ಕೊಡುವುದು ನಮಗೆ ಬಲು ಇಷ್ಟ. ಎಸ್ಸೆಸ್ಸೆಲ್ಸಿ ಫಲಿತಾಂಶದಿಂದ ಹಿಡಿದು ತಲಾ ಆದಾಯದವರೆಗೆ. ಆದರೆ 2011ರಲ್ಲಿ ಬೆಳಗಾವಿ ಜಿಲ್ಲೆಯಲ್ಲಿ 47.8 ಲಕ್ಷ ಜನ, ಕೊಡಗಿನಲ್ಲಿ 5.5 ಲಕ್ಷ. ಎಂಟು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ. ಒಂದು ಬೆಳಗಾವಿಯೊಳಗೆ ಖಾನಾಪುರದ ಮಳೆಕಾಡೂ ಇದೆ, ಅಥಣಿಯ ಒಣನೆಲವೂ ಇದೆ. ಎರಡನ್ನೂ ಕಲಸಿ ಒಂದು ಸರಾಸರಿ ತೆಗೆದರೆ ಅದು ಖಾನಾಪುರಕ್ಕೂ ಹೊಂದುವುದಿಲ್ಲ, ಅಥಣಿಗೂ ಹೊಂದುವುದಿಲ್ಲ.

ಯುರೋಪಿನವರು ಈ ತಲೆನೋವಿಗೆ ಒಂದು ದಾರಿ ಮಾಡಿಕೊಂಡಿದ್ದಾರೆ. ಅದರ ಹೆಸರು ನಟ್ಸ್. ಕೇಳಿದರೆ ಗೋಡಂಬಿ, ಬಾದಾಮಿ ನೆನಪಾಗುತ್ತದೆ, ಆದರೆ ವಿಷಯ ಗಟ್ಟಿ. 2003ರಿಂದ ಅದಕ್ಕೆ ಕಾನೂನಿನ ಬಲವೂ ಇದೆ. ಯುರೋಪಿಯನ್ ಒಕ್ಕೂಟದ ಎಲ್ಲ ದೇಶಗಳನ್ನೂ ಮೂರು ಹಂತದ ಪ್ರದೇಶಗಳಾಗಿ ಹಂಚುತ್ತಾರೆ. ಮೊದಲ ಹಂತದ ಪ್ರದೇಶದಲ್ಲಿ 30 ಲಕ್ಷದಿಂದ 70 ಲಕ್ಷ ಜನ, ಎರಡನೆಯದರಲ್ಲಿ 8 ಲಕ್ಷದಿಂದ 30 ಲಕ್ಷ, ಮೂರನೆಯದರಲ್ಲಿ ಒಂದೂವರೆ ಲಕ್ಷದಿಂದ 8 ಲಕ್ಷ. ಆಯಾ ದೇಶದ ಆಡಳಿತದ ಗೆರೆ ಈ ಅಳತೆಗೆ ಕೂತರೆ ಸರಿ. ಕೂರದಿದ್ದರೆ ಲೆಕ್ಕಕ್ಕೆ ಅಂತಲೇ ಸಣ್ಣ ಘಟಕಗಳನ್ನು ಒಟ್ಟು ಕಟ್ಟುತ್ತಾರೆ, ಅಲ್ಲಿ ಕಚೇರಿಯೂ ಇರಲ್ಲ, ಅಧಿಕಾರಿಯೂ ಇರಲ್ಲ. ಈ ಮಾಪನದಲ್ಲಿ ಅಳೆದರೆ ಕೊಡಗು ಮೂರನೇ ಹಂತದ್ದು, ಬೆಳಗಾವಿ ಮೊದಲನೇ ಹಂತದ್ದು. ಒಂದೇ ಪಟ್ಟಿಯಲ್ಲಿ ಅಕ್ಕಪಕ್ಕ ನಿಲ್ಲುವಂತೆಯೇ ಇಲ್ಲ.

ಹಾಗಂತ ಅವರ ಗೆರೆಗಳು ಸುಮ್ನೆ ಕೂತಿರುತ್ತವೆ ಅಂತಲ್ಲ. ಎರಡನೇ ಹಂತದ ಪ್ರದೇಶವೊಂದರ ತಲಾ ಉತ್ಪನ್ನ ಒಕ್ಕೂಟದ ಸರಾಸರಿಯ ಶೇ 75ಕ್ಕಿಂತ ಕಡಿಮೆ ಇದ್ದರೆ ಅದಕ್ಕೆ ಜಾಸ್ತಿ ಅನುದಾನ. ಹಂಗರಿಯಲ್ಲಿ ರಾಜಧಾನಿ ಬುಡಾಪೆಸ್ಟೂ ಅದರ ಸುತ್ತಲಿನ ಪೆಸ್ಟ್ ಪ್ರಾಂತ್ಯವೂ ಒಂದೇ ಪ್ರದೇಶ ಅಂತ ಲೆಕ್ಕದಲ್ಲಿದ್ದವು. ರಾಜಧಾನಿಯ ಶ್ರೀಮಂತಿಕೆಯಿಂದ ಸರಾಸರಿ ಏರಿ, ಸುತ್ತಲಿನ ಬಡ ಊರುಗಳಿಗೆ ಸಿಗಬೇಕಾದದ್ದು ಸಿಗಲಿಲ್ಲ. ಹಂಗರಿ ಕೇಳಿಕೊಂಡಿತು, 2018ರಿಂದ ಎರಡನ್ನೂ ಬೇರೆ ಮಾಡಿದರು. ಪೋಲೆಂಡು ವಾರ್ಸಾವನ್ನು ಅದರ ಸುತ್ತಲಿನ ಪ್ರಾಂತ್ಯದಿಂದ ಬಿಡಿಸಿಕೊಂಡದ್ದೂ ಅದೇ ವರ್ಷ. ಊರಿನಲ್ಲಿ ಒಂದು ಇಟ್ಟಿಗೆ ಕೂಡ ಕದಲಲಿಲ್ಲ, ಬಡವರು ಮಾತ್ರ ಲೆಕ್ಕದಲ್ಲಿ ಕಾಣತೊಡಗಿದರು.

ನಮ್ಮಲ್ಲಿ 1986ರಲ್ಲೇ ಬೆಂಗಳೂರು ಗ್ರಾಮಾಂತರವನ್ನು ಬೇರೆ ಜಿಲ್ಲೆ ಮಾಡಿದ್ದೇವೆ, ಹಾಗಾಗಿ ಆ ತೊಂದರೆ ಇಲ್ಲ ಅನ್ನಬಹುದು. ಆದರೆ ಕೆಂಪೇಗೌಡ ವಿಮಾನ ನಿಲ್ದಾಣ ಇರುವುದು ದೇವನಹಳ್ಳಿಯಲ್ಲಿ, ಅಂದರೆ ಗ್ರಾಮಾಂತರದಲ್ಲಿ. ಅಲ್ಲಿ ಹುಟ್ಟುವ ಮೌಲ್ಯ ಗ್ರಾಮಾಂತರದ ಖಾತೆಗೆ. ಅಲ್ಲಿ ಕೆಲಸ ಮಾಡಿ ಸಂಬಳ ತೆಗೆದುಕೊಂಡು ರಾತ್ರಿ ಹೆಬ್ಬಾಳಕ್ಕೆ ವಾಪಸ್ ಹೋಗುವವರು ಎಣಿಕೆಯಾಗುವುದು ನಗರ ಜಿಲ್ಲೆಯಲ್ಲಿ. ಭಾಗಿಸಬೇಕಾದ ಅಂಕಿ ಒಂದು ಕಡೆ, ಭಾಗಿಸುವ ಜನ ಇನ್ನೊಂದು ಕಡೆ. ಹೊಸಕೋಟೆಯ ರೈತನ ಪಾಲಿಗೆ ಕಾಗದದ ಮೇಲೆ ಒಂದಿಷ್ಟು ವಿಮಾನದ ದುಡ್ಡು ಸೇರಿಕೊಳ್ಳುತ್ತದೆ.

ಮಲೆನಾಡು ‘ಪೂರ್ವ’ವಾದದ್ದು

ಸ್ವಲ್ಪ ಹಗುರದ ವಿಷಯ. ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ನಿರುದ್ಯೋಗ, ಮನೆಖರ್ಚಿನ ಸಮೀಕ್ಷೆಗಳಿಗಾಗಿ ರಾಜ್ಯಗಳನ್ನು ಒಂದೇ ರೀತಿಯ ಬೆಳೆ, ಹವಾಮಾನ ನೋಡಿ ‘ಪ್ರದೇಶ’ಗಳಾಗಿ ಹಂಚಿದ್ದಾರೆ. ಕರ್ನಾಟಕದಲ್ಲಿ ಅವು ನಾಲ್ಕು: ಕರಾವಳಿ ಮತ್ತು ಘಟ್ಟ, ಒಳನಾಡು ಪೂರ್ವ, ಒಳನಾಡು ದಕ್ಷಿಣ, ಒಳನಾಡು ಉತ್ತರ. ಈ ‘ಒಳನಾಡು ಪೂರ್ವ’ ಯಾವುದು ಹೇಳಿ? ಕೋಲಾರ ಅಂದುಕೊಂಡರೆ ತಪ್ಪು. ಶಿವಮೊಗ್ಗ, ಚಿಕ್ಕಮಗಳೂರು, ಹಾಸನ, ಕೊಡಗು! ಕರಾವಳಿಯಿಂದ ನೋಡಿದರೆ ಪೂರ್ವಕ್ಕೇ ಇವೆ, ನಿಜ. ಆದರೆ ಆಗುಂಬೆಯಲ್ಲಿ ನಿಂತು ‘ನಾನು ಪೂರ್ವ ಕರ್ನಾಟಕದಲ್ಲಿದ್ದೇನೆ’ ಅಂದರೆ ಪಕ್ಕದಲ್ಲಿ ಸೂರ್ಯಾಸ್ತ ನೋಡಲು ಬಂದವರು ನಗುತ್ತಾರೆ. ‘ಮಲೆನಾಡು’ ಅನ್ನುವ ಪದ ಇತ್ತಲ್ಲ, ಯಾರನ್ನಾದರೂ ಕೇಳಬಹುದಿತ್ತು.

ನಗು ಬಿಟ್ಟರೆ ಇಲ್ಲೂ ಒಂದು ಬೇನೆ ಇದೆ. ‘ಒಳನಾಡು ಉತ್ತರ’ದಲ್ಲಿ ಧಾರವಾಡವೂ ಇದೆ, ರಾಯಚೂರೂ ಇದೆ. ಸಂವಿಧಾನದ 371ಜೆ ವಿಧಿ ಯಾವ ಕಲ್ಯಾಣ ಕರ್ನಾಟಕವನ್ನು ಬೇರೆಯಾಗಿ ಗುರುತಿಸಿತೋ, ಆ ಗೆರೆ ಈ ಸಮೀಕ್ಷೆಯಲ್ಲಿ ಇರಲಿಲ್ಲ. ಅಲ್ಲಿನ ಕೂಲಿ, ಅಲ್ಲಿನ ನಿರುದ್ಯೋಗ ಎಷ್ಟು ಅಂತ ಬೇರೆಯಾಗಿ ಕೇಳಿದರೆ ನೇರ ಉತ್ತರ ಸಿಗುತ್ತಿರಲಿಲ್ಲ. 2025ರ ಜನವರಿಯಿಂದ ಈ ಸಮೀಕ್ಷೆಗಳು ಹೆಚ್ಚಿನ ಕಡೆ ಜಿಲ್ಲೆಯನ್ನೇ ಮೂಲ ಘಟಕ ಮಾಡಿಕೊಂಡಿವೆ. ಜಿಲ್ಲೆಗಳನ್ನು ನಮಗೆ ಬೇಕಾದ ಹಾಗೆ ಜೋಡಿಸಿಕೊಳ್ಳುವ ಅನುಕೂಲ ಇನ್ನು ಬರಬಹುದು. ನನ್ನ ಮಟ್ಟಿಗೆ ಇದು ಸದ್ದಿಲ್ಲದೆ ಆದ ಒಳ್ಳೆಯ ಕೆಲಸ.

ತಾಲೂಕು ಒಡೆದಾಗ

ಗೆರೆಯನ್ನು ಸಣ್ಣದು ಮಾಡಿದರೆ ಏನು ಕಾಣುತ್ತದೆ ಅನ್ನುವುದಕ್ಕೆ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಗಿಂತ ಒಳ್ಳೆಯ ಉದಾಹರಣೆ ನಮ್ಮಲ್ಲಿಲ್ಲ. 2002ರಲ್ಲಿ ವರದಿ ಕೊಟ್ಟ ಸಮಿತಿ ಜಿಲ್ಲೆಯನ್ನು ಬಿಟ್ಟು ತಾಲೂಕನ್ನು ಹಿಡಿಯಿತು. 35 ಸೂಚಕ, 175 ತಾಲೂಕು. ರಾಜ್ಯದ ಸರಾಸರಿಯನ್ನು 1 ಅಂತ ಇಟ್ಟುಕೊಂಡು, ಅದಕ್ಕಿಂತ ಕೆಳಗಿರುವ 114 ತಾಲೂಕುಗಳನ್ನು ಹಿಂದುಳಿದವು ಅಂದಿತು. ಅದರಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಉತ್ತರ ಕರ್ನಾಟಕದ 59 ಅದರಲ್ಲಿದ್ದವು, ಅದನ್ನು ಎಲ್ಲರೂ ಊಹಿಸಿದ್ದರು. ಊಹಿಸದೇ ಇದ್ದದ್ದು ದಕ್ಷಿಣದ 55. ಬೆಂಗಳೂರಿಗೆ ಕೂಗಳತೆಯ ಮಾಗಡಿ, ಕನಕಪುರ ‘ಅತ್ಯಂತ ಹಿಂದುಳಿದ’ ಪಟ್ಟಿಯಲ್ಲಿದ್ದವು. ಜಿಲ್ಲೆಯ ಲೆಕ್ಕದಲ್ಲಿ ನೋಡಿದ್ದರೆ ಇವೆರಡೂ ಬೆಂಗಳೂರಿನ ನೆರಳಲ್ಲಿ ಅಡಗಿರುತ್ತಿದ್ದವು. ಎಂಟು ವರ್ಷದಲ್ಲಿ 31,000 ಕೋಟಿ ರೂಪಾಯಿ ವಿಶೇಷವಾಗಿ ಖರ್ಚು ಮಾಡಿ ಅಂತ ಸಮಿತಿ ಹೇಳಿತು. ಮುಂದೆ ಎರಡು ದಶಕ ಬಜೆಟ್ ಭಾಷಣಗಳು ಆ 114ರ ಸುತ್ತಲೇ ತಿರುಗಿದವು.

ಈಗ ಆ 175 ಇಲ್ಲ. 2017ರ ಬಜೆಟ್ ಒಂದರಲ್ಲೇ 49 ಹೊಸ ತಾಲೂಕು ಘೋಷಣೆಯಾಯಿತು. ಆಮೇಲೂ ಸೇರುತ್ತಾ ಹೋಗಿ ಸಂಖ್ಯೆ 230 ದಾಟಿದೆ. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರೆಯಾಯಿತು. 2011ರ ಗಣತಿ ಪುಸ್ತಕದಲ್ಲಿ ವಿಜಯನಗರ ಜಿಲ್ಲೆ ಅನ್ನುವ ಸಾಲೇ ಇಲ್ಲ. 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅವರ ನೇತೃತ್ವದಲ್ಲಿ ಸರ್ಕಾರ ಪ್ರಾದೇಶಿಕ ಅಸಮತೋಲನದ ಹೊಸ ಸಮಿತಿ ಮಾಡಿದಾಗ ಮೊದಲು ಎದುರಾಗುವ ಪ್ರಶ್ನೆ ಇದೇ: ಹಿಂದುಳಿದ ತಾಲೂಕು ಮುಂದೆ ಬಂದಿದೆಯೇ? ಯಾವ ತಾಲೂಕು? ಹಳೆಯದು ಎರಡಾಗಿದೆ. ಚೆನ್ನಾಗಿದ್ದ ಅರ್ಧ ಒಂದು ಕಡೆ, ಸೊರಗಿದ ಅರ್ಧ ಇನ್ನೊಂದು ಕಡೆ ಹೋಗಿದ್ದರೆ, ಯಾರೂ ಏನೂ ಮಾಡದೆ ಒಂದು ತಾಲೂಕು ‘ಮುಂದುವರಿದ’ ಪಟ್ಟಿಗೆ ಏರಬಹುದು.

ದಾರಿ ಇಲ್ಲದಿಲ್ಲ. 2011ರ ಗಣತಿಯ ಅಂಕಿ ಗ್ರಾಮದ ಮಟ್ಟದವರೆಗೂ ಸಿಗುತ್ತದೆ, ಪ್ರತಿ ಗ್ರಾಮಕ್ಕೂ ಒಂದು ಸಂಕೇತ ಸಂಖ್ಯೆ ಇದೆ. ಹೊಸ ತಾಲೂಕಿಗೆ ಯಾವ ಯಾವ ಗ್ರಾಮ ಹೋಯಿತು ಅಂತ ಸರ್ಕಾರದ ಆದೇಶದಲ್ಲಿ ಇರುತ್ತದೆ. ಎರಡನ್ನೂ ಹೊಂದಿಸಿ ಕೂಡಿದರೆ ಹೊಸ ತಾಲೂಕಿಗೆ ಹಳೆಯ ಅಂಕಿ ಸಿಕ್ಕಂತೆ. ಹೇಳೋದು ಸುಲಭ ಅಂತ ನನಗೂ ಅನ್ನಿಸಿತ್ತು. ನಮ್ಮ ಕಡೆಯ ಒಂದು ಹೊಸ ತಾಲೂಕಿಗೆ ನಾನೇ ಮಾಡಿ ನೋಡೋಣ ಅಂತ ಕೂತೆ. ಆದೇಶದಲ್ಲಿ ಹೋಬಳಿವಾರು ಊರ ಹೆಸರಿತ್ತು, ಸಂಕೇತ ಸಂಖ್ಯೆ ಇರಲಿಲ್ಲ. ಒಂದೇ ಊರು ಒಂದು ಕಡೆ ‘ಕಾವಲು’, ಇನ್ನೊಂದು ಕಡೆ ‘ಕಾವಲ್’. ಒಂದು ಕಡೆ ‘ಅಮಾನಿಕೆರೆ’ ಬೇರೆ ಗ್ರಾಮ, ಇನ್ನೊಂದು ಕಡೆ ಪಕ್ಕದ ಊರಿನ ಬಾಲ. ಎರಡು ಸಂಜೆ ಹೋಯಿತು. ಎಲ್ಲ ಕೂಡಿಸಿ ಮೇಲಿಂದ ಕೆಳಗೆ ನೋಡಿದಾಗ ಹಳೆಯ ತಾಲೂಕಿನ ಒಟ್ಟು ಮೊತ್ತಕ್ಕೂ ನನ್ನ ಎರಡು ಅರ್ಧಗಳ ಮೊತ್ತಕ್ಕೂ 612 ಜನರ ವ್ಯತ್ಯಾಸ. ಹುಡುಕಿದರೆ, ಆ ತಾಲೂಕಿನಲ್ಲಿ ಹೊಸಹಳ್ಳಿ ಅನ್ನುವ ಊರು ಎರಡಿದ್ದವು, ನಾನು ಒಂದನ್ನೇ ಎಣಿಸಿದ್ದೆ. ಬಿಟ್ಟುಹೋದ ಹೊಸಹಳ್ಳಿ ಹೊಸ ತಾಲೂಕಿಗೆ ಹೋಗಿದೆಯೋ ಹಳೆಯದರಲ್ಲೇ ಉಳಿದಿದೆಯೋ ಅಂತ ಯಾವ ಕಾಗದದಿಂದಲೂ ಗೊತ್ತಾಗಲಿಲ್ಲ. ಕೊನೆಗೆ ಅಲ್ಲಿನ ಬಸ್ ಸ್ಟ್ಯಾಂಡ್ ಪಕ್ಕದ ಟೀ ಅಂಗಡಿಯವರ ನಂಬರ್ ಯಾರಿಂದಲೋ ಇಸ್ಕೊಂಡು ಫೋನ್ ಮಾಡಿದೆ.

“ಅಣ್ಣಾ, ನಿಮ್ಮೂರು ಈಗ ಯಾವ ತಾಲೂಕಿಗೆ ಬರುತ್ತೆ?”

“ಪಹಣಿಗೆ ಹೊಸದಕ್ಕೆ ಹೋಗ್ತೀವಿ ಸಾರ್. ರಿಜಿಸ್ಟ್ರೇಷನ್‌ಗೆ ಇನ್ನೂ ಹಳೇದಕ್ಕೇ. ನಿಮಗೆ ಯಾವುದಕ್ಕೆ ಬೇಕಿತ್ತು?”